ಕೋವಿಗೆ ಲೈಸೆನ್ಸ್ ಉಂಟು, ರಿಪೇರಿಗೆ ಕಮ್ಮಾರ ಎಲ್ಲಿ?

ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತನನ್ನು ಕಂಡರೆ ಪೇಟೆಯ ಕೆಲವರಿಗೆ ಕಳ್ಳಬೇಟೆಗಾರನ ನೆನಪು ಬರುತ್ತದೆ. ಇನ್ನು ಕೆಲವರಿಗೆ ಹಳೇ ಕಾಲದ ದೊರೆಗಳ ಶಿಕಾರಿ ಫೋಟೋ ನೆನಪಾಗುತ್ತದೆ. ಎರಡೂ ಸರಿಯಲ್ಲ. ನೀಲಗಿರಿಯ ಹಟ್ಟಿಗಳಲ್ಲಾಗಲಿ, ಗುಂಡ್ಲುಪೇಟೆ, ಸುಳ್ಯ, ಕಾಸರಗೋಡು ಕಡೆಯಾಗಲಿ, ಅಲ್ಲೊಂದು ಇಲ್ಲೊಂದು ಮನೆಯ ಮೂಲೆಯಲ್ಲಿ ನಿಂತಿರುವುದು ಒಂದು ಹಳೇ ಕೇಪಿನ ಕೋವಿ, ಇಲ್ಲವೇ ಅಜ್ಜನ ಕಾಲದ ಒಂಟಿ ನಳಿಗೆಯ ತೋಟಾ ಕೋವಿ. ಅದು ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಸ್ವಾಮಿ? ಕೋವಿ ಬೇಕೋ ಬೇಡವೋ ಅಂತ ವರ್ಷಗಟ್ಟಲೆ ವಾದ ಮಾಡುವವರು ಈ ಸಣ್ಣ ಪ್ರಶ್ನೆಯನ್ನು ಮಾತ್ರ ಕೇಳುವುದೇ ಇಲ್ಲ.

ನಮ್ಮ ಇತ್ತಲಾರ್ ಗೊತ್ತಿಲ್ಲದವರಿಗೆ ಎರಡು ಮಾತು. ಊಟಿಯಿಂದ ಆಲೂಗಡ್ಡೆ ಸಂಶೋಧನಾ ಕೇಂದ್ರ ಇರುವ ಮುತ್ತೊರೈ ದಾಟಿ ಎಮರಾಲ್ಡ್ ಕಡೆ ಹೊರಟರೆ ಸಿಗುವ ಬಡಗರ ಹಟ್ಟಿ ಇದು. ಟೀ, ಕ್ಯಾರೆಟ್, ಆಲೂಗಡ್ಡೆ, ಬೆಳ್ಳುಳ್ಳಿ ನಮ್ಮ ಬದುಕು. ಮನೆಯಲ್ಲಿ ಬಡಗು, ಮೇಟುಪಾಳ್ಯದ ಮಂಡಿಯಲ್ಲಿ ತಮಿಳು, ಬಂಡೀಪುರ ದಾಟಿದರೆ ಕನ್ನಡ. ರಾತ್ರಿ ಹೊತ್ತು ಹೊಲಕ್ಕೆ ಬರುವ ಕಾಡುಹಂದಿ, ಮುಳ್ಳುಹಂದಿ, ಕಾಟಿ, ಕರಡಿಗೆ ಯಾವ ಭಾಷೆಯೂ ಬೇಕಿಲ್ಲ. ಕಾಟಿ, ಕರಡಿ ಮೇಲೆ ಕೋವಿ ಎತ್ತುವಂತಿಲ್ಲ, ಎತ್ತಲೂಬಾರದು. ಆದರೆ ಒಂದು ಹಂದಿ ಹಿಂಡು ಆಲೂಗಡ್ಡೆ ಸಾಲಿಗೆ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಬಿತ್ತನೆಯ ಖರ್ಚೂ ಮಣ್ಣುಪಾಲು. ತಗಡು ಬಡಿದು, ಪಟಾಕಿ ಹೊಡೆದು ನೋಡಿದ್ದೇವೆ. ನಾಲ್ಕು ದಿನಕ್ಕೆ ಅದೂ ಅವಕ್ಕೆ ಅಭ್ಯಾಸವಾಗುತ್ತೆ.

ಕೈಗೆ ತಕ್ಕ ಹತಾರ ಮಾಡಿಸಿಕೊಳ್ಳುವ ಪದ್ಧತಿ ನಮ್ಮ ಬೆಟ್ಟಕ್ಕೆ ಹೊಸದಲ್ಲ. ಕೋತರೆಂಬ ಜನ ನೀಲಗಿರಿಯ ಕಮ್ಮಾರರು, ಕುಂಬಾರರು, ವಾದ್ಯದವರು. ಪ್ರತಿ ಬಡಗ ಮನೆತನಕ್ಕೂ ಗೊತ್ತಾದ ಒಬ್ಬ ಕೋತ ಇರುತ್ತಿದ್ದ, ಅವನಿಗೆ ಮುಟ್ಟುಕೋತ ಅಂತಲೇ ಹೆಸರು. ಕುಡುಗೋಲು, ಗುದ್ದಲಿ, ಕೊಡಲಿ ಅವನ ಕುಲುಮೆಯಿಂದ ಬರಬೇಕು, ಸುಗ್ಗಿಯಲ್ಲಿ ಅವನಿಗೆ ಧಾನ್ಯ ಹೋಗಬೇಕು. ಹತಾರ ಮೊಂಡಾದರೆ ಮಾಡಿದವನೇ ಹದ ಮಾಡಿಕೊಡುತ್ತಿದ್ದ. ಪೇಟೆಯ ಕಬ್ಬಿಣ ಬಂತು, ಟೀ ಬಂತು, ಕೂಲಿ ದುಡ್ಡು ಬಂತು. 1930ರ ದಶಕದ ಹೊತ್ತಿಗೆ ಆ ಸಂಬಂಧ ಸಡಿಲವಾಗಿ ಹೋಯ್ತು. ಹಳೇದೆಲ್ಲ ಚಿನ್ನ ಅಂತ ನಾನು ಹೇಳಲ್ಲ, ಆ ಪದ್ಧತಿಯಲ್ಲಿ ಮೇಲು ಕೀಳು ಸಾಕಷ್ಟಿತ್ತು. ಆದರೆ ಹತಾರ ಮಾಡಿದವನೇ ಅದರ ಹೊಣೆ ಹೊರುವ ಲೆಕ್ಕ ಮಾತ್ರ ಒಳ್ಳೆಯದೇ.

ಕೋವಿಯ ವಿಷಯದಲ್ಲೂ ಈ ಲೆಕ್ಕ ಇತ್ತು. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಟಿಪ್ಪು ಸುಲ್ತಾನ್ ಮಾಡಿಸಿದ ಚಕಮಕಿ ಕೋವಿಗಳ ಮೇಲೆ ಹುಲಿಪಟ್ಟೆಯ ಚಿತ್ತಾರದ ಜೊತೆಗೆ ಮಾಡಿದ ಕುಶಲಕರ್ಮಿಯ ಹೆಸರು, ಊರು, ವರ್ಷ ಕೆತ್ತಿರುವುದುಂಟು. ಯಾರು ಮಾಡಿದ್ದು ಅಂತ ಗೊತ್ತಿದ್ದರೆ ಯಾರನ್ನು ಕೇಳಬೇಕು ಅಂತಲೂ ಗೊತ್ತಿರುತ್ತದೆ. (ತುಪಾಕಿ ಅಂದರೂ, ತಮಿಳಿನಲ್ಲಿ ತುಪ್ಪಾಕ್ಕಿ ಅಂದರೂ ಮೂಲ ತುರ್ಕಿಯ ತುಫೆಕ್. ಮಾತು ಬೆಟ್ಟ ಹತ್ತಿ ಬಂದಷ್ಟು ಸುಲಭವಾಗಿ ಕಸುಬು ಬರಲಿಲ್ಲ.)

ವಿಲಾಯತಿಯಲ್ಲಿ ಈ ಕಸುಬು ಇನ್ನೂ ಬದುಕಿದೆ. ಲಂಡನ್ನಿನ ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಇವರ ಹತ್ತಿರ ರೈಫಲ್ ಮಾಡಿಸುವುದೆಂದರೆ ದರ್ಜಿಯ ಹತ್ತಿರ ಕೋಟು ಹೊಲಿಸಿದ ಹಾಗೆ. ತೋಳಿನ ಉದ್ದ, ಕತ್ತಿನ ಎತ್ತರ, ಕೆನ್ನೆ ಒರಗುವ ಜಾಗ, ಯಾವ ಕಣ್ಣು ಮುಚ್ಚುತ್ತೀರಿ, ಎಲ್ಲ ಅಳತೆ ತೆಗೆದುಕೊಂಡು ಅಕ್ರೋಟು ಮರದ ಹಿಡಿಯನ್ನು ಕೆತ್ತುತ್ತಾರೆ. ಜೋಡಿ ನಳಿಗೆಯ ರೈಫಲ್ ಆದರೆ ಇನ್ನೂ ಕಷ್ಟ. ಎರಡೂ ಗುಂಡು ಒಂದೇ ಕಡೆ ಬೀಳುವ ತನಕ ನಳಿಗೆಗಳನ್ನು ಬೆಸೆದು, ಹೊಡೆದು ನೋಡಿ, ಬಿಚ್ಚಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಬೆಸೆದು, ಮತ್ತೆ ಹೊಡೆಯಬೇಕು. ತಿಂಗಳುಗಟ್ಟಲೆ ಕೆಲಸ, ಒಂದು ಎಸ್ಟೇಟಿನ ಬೆಲೆ. ಕೊನೆಗೆ ನಳಿಗೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಮದ್ದು ಹಾಕಿ ಸಿಡಿಸಿ, ಬಿರುಕು ಬಿಡದಿದ್ದರೆ ಮಾತ್ರ ಮುದ್ರೆ ಒತ್ತುವ ಪರೀಕ್ಷೆ. ಇದನ್ನು ನಡೆಸುವ ಲಂಡನ್ನಿನ ಸಂಘಕ್ಕೆ ಸನ್ನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರದ್ದು. ಚಿನ್ನಾರಿ ಕೆತ್ತನೆ ನಮಗೆ ಬೇಡ, ಆದರೆ ಈ ಮುದ್ರೆ ಬೇಕು.

ಅಂದಹಾಗೆ ಹೆಸರುವಾಸಿ ಬೇಟೆಗಾರರೆಲ್ಲ ಹೇಳಿ ಮಾಡಿಸಿದ ರೈಫಲ್ ಹಿಡಿದವರು ಅಂತ ತಿಳಿಯಬೇಡಿ. ಜಿಮ್ ಕಾರ್ಬೆಟ್‌ಗೆ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಬಹುಮಾನವಾಗಿ ಬಂದ ರಿಗ್ಬಿ ರೈಫಲ್ ಕಲ್ಕತ್ತೆಯ ಮ್ಯಾಂಟನ್ ಅಂಗಡಿಯಿಂದ ತಂದದ್ದು. ನಮ್ಮ ಮಸಿನಗುಡಿ, ಸೀಗೂರು ಕಾಡುಗಳಲ್ಲಿ ಅಲೆದ ಬೆಂಗಳೂರಿನ ಕೆನೆತ್ ಆಂಡರ್ಸನ್ ನೆಚ್ಚಿದ್ದು ಅಮೆರಿಕದ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ವಿಂಚೆಸ್ಟರ್ ಅನ್ನು. ಆದರೆ ಆ ಕಾಲದಲ್ಲಿ ಕೋವಿ ಕೆಟ್ಟರೆ ನೋಡುವ ಕೈಗಳು ಕಲ್ಕತ್ತೆ, ಮದ್ರಾಸಿನಂಥ ಊರುಗಳಲ್ಲಿದ್ದವು. ಸಾಹೇಬರ ಶಿಕಾರಿ ಕಾಯುವುದಕ್ಕೆಂದೇ ನೀಲಗಿರಿಯಲ್ಲಿ 1879ರಲ್ಲಿ ಬೇಟೆ ಕಾಯಿದೆ ಬಂತು. ರೈತನ ಬೆಳೆಯ ಚಿಂತೆ ಅವರಿಗೆ ಎಲ್ಲಿಂದ ಬರಬೇಕು!

ಈಗ ಕಾಲ ಬೇರೆ. 1972ರ ವನ್ಯಜೀವಿ ಕಾಯಿದೆ, ಅದಕ್ಕೆ 1991ರ ತಿದ್ದುಪಡಿ ಬಂದ ಮೇಲೆ ಶಿಕಾರಿ ಲೈಸೆನ್ಸ್ ಎಂಬುದೇ ಇಲ್ಲ. ಬಂದದ್ದು ಒಳ್ಳೆಯದೇ ಆಯಿತು. ಹಾಗಾಗಿ ನಮಗೆ ರೈಫಲ್ ಬೇಕು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತೆ, ಎದುರು ಗುಡ್ಡದಲ್ಲಿ ಟೀ ಕೊಯ್ಯುವ ಹೆಂಗಸರಿದ್ದಾರೆ. ನಮಗೆ ಬೇಕಾದ್ದು ಚರೆ ಹಾರಿಸುವ ನುಣುಪು ನಳಿಗೆಯ ಕೋವಿ. ಕಾನೂನೂ ಅದನ್ನೇ ಹೇಳುತ್ತದೆ. 1959ರ ಆಯುಧ ಕಾಯಿದೆಯ 13ನೇ ಕಲಮು ನೋಡಿ: ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸ್ ಕೊಡಬೇಕು, ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಗೂ ಕೊಡಬಹುದು. ಕಾಯಿದೆ ಬರೆದವರಿಗೆ ರೈತನ ನೆನಪಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ತೊಡಕು ಇರುವುದು ಅದೇ ಕಾಯಿದೆಯ 5ನೇ ಕಲಮಿನಲ್ಲಿ. ಕೋವಿ ಮಾಡುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲ, ರಿಪೇರಿಗೂ ಪರೀಕ್ಷೆಗೂ ಪ್ರತ್ಯೇಕ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿಲ್ಲದೆ ಇಂಥ ಕೆಲಸ ಮಾಡಿದವನಿಗೆ ಕಡಿಮೆಯೆಂದರೆ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ಕಳ್ಳ ಕೋವಿ ಮಾಡಿ ಗೂಂಡಾಗಳಿಗೆ ಮಾರುವವನಿಗೆ ಇದು ಸರಿಯೇ. ಪಕ್ಕದ ಮನೆಯವನ ಲೈಸೆನ್ಸ್ ಕೋವಿಯ ಸಡಿಲಾದ ಕುದುರೆ ಬಿಗಿ ಮಾಡಿಕೊಟ್ಟ ಹಳ್ಳಿ ಕಮ್ಮಾರನಿಗೂ ಇದೇ ಕಲಮು ಕಾಯುತ್ತಿದೆ. ಹೀಗಿರುವಾಗ ಬುದ್ಧಿ ಇರುವ ಕಮ್ಮಾರ ಕೋವಿ ಮುಟ್ಟುತ್ತಾನೆಯೇ? ಅವನ ಮಗ ಗೇಟು, ಗ್ರಿಲ್ಲು ಬೆಸೆಯುವುದು ಕಲಿಯುತ್ತಾನೆ. ಅವನನ್ನು ದೂರುವುದಕ್ಕಾಗದು.

ಹಾಗಾದರೆ ಲೈಸೆನ್ಸ್ ಇರುವ ಅಂಗಡಿಗೆ ಹೋಗಿ ಅಂತೀರಿ. ಹೋದೆ. ನನ್ನ ಒಂಟಿ ನಳಿಗೆ ಕೋವಿಯ ಹಿಡಿ ಬಿರಿದು, ಮುಚ್ಚುವ ಕೀಲು ಸಡಿಲವಾಗಿತ್ತು. ಹೆಸರು ಬೇಡ, ದೊಡ್ಡ ಊರಿನ ಅಂಗಡಿಯೊಂದರಲ್ಲಿ ರಸೀದಿ ಕೊಟ್ಟು ಒಳಗಿಟ್ಟುಕೊಂಡರು. ಕೆಲಸದವರು ಬಂದಿಲ್ಲ, ಸ್ಪ್ರಿಂಗು ಸಿಕ್ಕಿಲ್ಲ ಅಂತ ಎಂಟು ತಿಂಗಳು ಓಡಾಡಿಸಿದರು. ಕೊನೆಗೆ ಹಿಡಿಗೆ ಅಂಟು ಬಳಿದು, ಕೀಲನ್ನು ಹಾಗೇ ಬಿಟ್ಟು ಕೈಗಿಟ್ಟರು. ಸಡಿಲ ಕೀಲಿನ ಕೋವಿ ಹಾರಿಸಿದರೆ ಬಿಸಿಗಾಳಿ ಹಿಂದಕ್ಕೆ ಬಂದು ಕಣ್ಣೇ ಹೋಗಬಹುದು. ಅಂಗಡಿಯಲ್ಲಿ ಮಾರುವವರಿದ್ದಾರೆ, ಮಾಡಬಲ್ಲ ಕೈ ಇಲ್ಲ.

ಮೈಸೂರು ಕಡೆ ಒಳ್ಳೇ ಕೆಲಸದವರಿದ್ದಾರೆ ಅಂತ ಯಾರಾದರೂ ಹೇಳಿದರು ಅಂತಿಟ್ಟುಕೊಳ್ಳಿ. ಲೈಸೆನ್ಸಿನಲ್ಲಿ ಕೋವಿ ಯಾವ ಜಿಲ್ಲೆಗೆ, ಯಾವ ರಾಜ್ಯಕ್ಕೆ ಸಲ್ಲುತ್ತದೆ ಅಂತ ಬರೆದಿರುತ್ತದೆ. ನಮ್ಮ ಕ್ಯಾರೆಟ್ ಮೂಟೆ ಕೆಕ್ಕನಹಳ್ಳದ ಚೆಕ್‌ಪೋಸ್ಟ್ ದಾಟುತ್ತೆ, ಕೋವಿ ದಾಟುವಂತಿಲ್ಲ. ದಾಟಿಸಬೇಕಾದರೆ ಬೇರೆ ಅರ್ಜಿ, ಬೇರೆ ಅಪ್ಪಣೆ. ಗುಂಡ್ಲುಪೇಟೆಯ ರೈತನಿಗೆ ಊಟಿ ಹತ್ತಿರ, ಸುಳ್ಯದವನಿಗೆ ಕಾಸರಗೋಡು ಹತ್ತಿರ, ಆದರೆ ಗಡಿಗೆ ಹತ್ತಿರ ದೂರ ಗೊತ್ತಿಲ್ಲ. ಇದರ ಮೇಲೆ ಚುನಾವಣೆ ಬಂತೆಂದರೆ ಹೆಚ್ಚಿನ ಕಡೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ವಾಪಸ್ ಬರುವಾಗ ನಳಿಗೆ ತುಂಬ ತುಕ್ಕು.

ಕೋವಿ ಕೆಟ್ಟಿತೆಂದು ಹಂದಿ ಬರುವುದು ನಿಲ್ಲಿಸುತ್ತದೆಯೇ? ಆಗ ಕೆಲವರು ಬೇಲಿಗೆ ಉರುಳು ಕಟ್ಟುತ್ತಾರೆ, ಲೈನಿನಿಂದ ನೇರವಾಗಿ ಕರೆಂಟ್ ಎಳೆಯುತ್ತಾರೆ, ಹಣ್ಣಿನೊಳಗೆ ಸಿಡಿಮದ್ದು ಇಡುತ್ತಾರೆ. ಉರುಳಿಗೆ ಹಂದಿಯೇ ಬೀಳಬೇಕು ಅಂತಿಲ್ಲ, ಚಿರತೆ ಬೀಳುತ್ತೆ. ಕರೆಂಟಿಗೆ ಆನೆ ಸಾಯುತ್ತೆ, ನಸುಕಿನಲ್ಲಿ ನೀರು ಬಿಡಲು ಹೋದ ಮನುಷ್ಯನೂ ಸಾಯುತ್ತಾನೆ. 2020ರಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಬಾಯಿಯಲ್ಲಿ ಸಿಡಿಮದ್ದು ಸಿಡಿದು ಬಸುರಿ ಆನೆ ನೀರಿನಲ್ಲಿ ನಿಂತು ಸತ್ತದ್ದನ್ನು ದೇಶವೆಲ್ಲ ನೋಡಿತು. ಲೆಕ್ಕದಲ್ಲಿರುವ, ನಂಬರ್ ಇರುವ, ಮಾಲೀಕನ ಹೆಸರಿರುವ ಕೋವಿಗಿಂತ ಇವು ಮೇಲೆಂದು ಯಾವ ಕಾಡುಪ್ರೇಮಿಯೂ ಹೇಳಲಾರ.

ಬೆಳೆ ಕೋವಿಯಲ್ಲಿ ಜಿಂಕೆ ಹೊಡೆಯುವವರೂ ಇದ್ದಾರಲ್ಲ ಅಂತ ಕೇಳುತ್ತಾರೆ. ಇದ್ದಾರೆ, ಮುಚ್ಚಿಡುವುದಿಲ್ಲ. ಅಂಥವನ ಲೈಸೆನ್ಸ್ ಕಿತ್ತು ಕೇಸು ಹಾಕಲಿ. ಸೋಲಾರ್ ಬೇಲಿ ಹಾಕಿ ಅನ್ನುವವರ ಮಾತಿನಲ್ಲೂ ನಿಜ ಉಂಟು. ದುಡ್ಡಿದ್ದವನಿಗೆ ಕೋವಿಗಿಂತ ಅದೇ ಮೇಲು. ಕೋವಿಯ ಮುಕ್ಕಾಲು ಉಪಯೋಗ ಸದ್ದಿನಲ್ಲೇ ಮುಗಿಯುತ್ತೆ ಎಂಬುದು ಹೊಲ ಕಾಯ್ದವರಿಗೆಲ್ಲ ಗೊತ್ತು. 2022ರ ತಿದ್ದುಪಡಿಯಿಂದ ಕಾಡುಹಂದಿ ಎರಡನೇ ಪಟ್ಟಿಗೆ ಹೋಗಿದೆ, ಅಪ್ಪಣೆ ಇಲ್ಲದೆ ಕೊಲ್ಲುವಂತಿಲ್ಲ. ಕೇರಳ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿಗಳಿಗೆ ಕೊಟ್ಟಿತು. ಆಮೇಲೆ ಲೈಸೆನ್ಸ್ ಕೋವಿ ಇರುವವರನ್ನು ಹುಡುಕುವ ಕೆಲಸ ಪಂಚಾಯಿತಿಯ ತಲೆಗೆ ಬಂತು. ತಮಿಳುನಾಡು 2025ರ ಜನವರಿಯಲ್ಲಿ ಸಾರಿದ ನಿಯಮದಲ್ಲಿ ಕಾಯ್ದಿಟ್ಟ ಅರಣ್ಯದಿಂದ ಮೂರು ಕಿಲೋಮೀಟರ್ ಆಚೆ ಮಾತ್ರ, ಅದೂ ಇಲಾಖೆಯವರೇ ಹೊಡೆಯಬೇಕು. ನೀಲಗಿರಿಯಲ್ಲಿ ಮೂರು ಕಿಲೋಮೀಟರಿನೊಳಗೆ ಕಾಡು ಸಿಗದ ಹೊಲ ತೋರಿಸಿ ನೋಡೋಣ!

ನಾವು ಕೇಳುವುದು ಕೊಡಗಿನವರಿಗಿರುವ ವಿನಾಯಿತಿಯನ್ನಲ್ಲ. ಅದು ಅವರ ಚರಿತ್ರೆಗೆ ಸೇರಿದ್ದು, 2029ರ ಅಕ್ಟೋಬರ್ ತನಕ ಕೇಂದ್ರ ಮುಂದುವರಿಸಿದೆ. ಲೈಸೆನ್ಸ್ ಇರುವ ಕೋವಿಯನ್ನು ಸರಿಯಾಗಿ ರಿಪೇರಿ ಮಾಡಬಲ್ಲ, ಪೊಲೀಸರ ಲೆಕ್ಕದಲ್ಲಿರುವ ಒಬ್ಬ ಕಸುಬುದಾರ ಉದಕಮಂಡಲದಲ್ಲೊಬ್ಬ, ಚಾಮರಾಜನಗರದಲ್ಲೊಬ್ಬ, ಕಾಸರಗೋಡಿನಲ್ಲೊಬ್ಬ ಇರಲಿ. ಅರವಂಕಾಡಿನಲ್ಲಿ ನೂರು ವರ್ಷ ದಾಟಿದ ಕಾರ್ಡೈಟ್ ಕಾರ್ಖಾನೆ ಇದೆ, ಮದ್ದಿನ ಕೆಲಸ ಬಲ್ಲ ಜನ ಈ ಬೆಟ್ಟದಲ್ಲೇ ಇದ್ದಾರೆ. ಐಟಿಐ ಕಲಿತ ಹುಡುಗರಿಗೆ ಹಳೇ ಕೈಗಳ ಹತ್ತಿರ ಎರಡು ವರ್ಷ ಕಲಿಸಿ ರಿಪೇರಿ ಲೈಸೆನ್ಸ್ ಕೊಟ್ಟರೆ ಸರಕಾರದ ಗಂಟೇನೂ ಹೋಗಲ್ಲ. ವರ್ಷಕ್ಕೊಮ್ಮೆ ತಾಲೂಕಿನಲ್ಲಿ ಕೋವಿಗಳ ತಪಾಸಣೆ ಇಟ್ಟು, ಹಾರಿಸಲು ಯೋಗ್ಯವಲ್ಲದ್ದನ್ನು ಅಲ್ಲೇ ಮುರಿದು ಹಾಕಲಿ. ನನ್ನದನ್ನೇ ಮೊದಲು ನೋಡಲಿ. ಗಡಿಯಾಚೆಯ ರಿಪೇರಿಗೆ ಒಯ್ಯುವುದಕ್ಕೆ, ಖಾಲಿ ಕೋವಿ, ಹೋಗುವ ದಿನ, ಬರುವ ದಿನ ಬರೆದ ಒಂದೇ ಚೀಟಿಯನ್ನು ಎರಡೂ ಕಡೆಯ ಜಿಲ್ಲಾಧಿಕಾರಿಗಳು ಮಾನ್ಯ ಮಾಡಿದರೆ ಸಾಕು. ಆಲೂಗಡ್ಡೆ ಬಿತ್ತನೆಗೆ ಮುಂಚೆ ಇದಿಷ್ಟಾದರೂ ಆದೀತೇ ಎಂದು ಮೂರೂ ರಾಜ್ಯಗಳ ಗೃಹ ಇಲಾಖೆಯವರನ್ನು ಕೇಳುತ್ತಿದ್ದೇನೆ.