ಕೆಂಪು ಪ್ಲಸ್ ಗುರುತು ಯಾರದು?

ಗೆಳೆಯ ಗೆಳತಿಯರೇ, ನಮ್ಮ ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು, ಮೇಲೆ ಕೆಂಪು ಪ್ಲಸ್ ಗುರುತು ಬರೆದವನು ನಾನೇ. ಚೆನ್ನಾಗಿದೆ ಅಂತ ಎಲ್ಲರೂ ಹೇಳಿದಿರಿ. ಈಗ ಅದನ್ನು ಅಳಿಸಬೇಕು ಅಂತ ಹೇಳುವವನೂ ನಾನೇ. ಯಾಕೆ ಅಂತ ಓದಿ.

ನಿಟ್ಟುವಳ್ಳಿಯಿಂದ ಪೇಟೆಗೆ ಹೋಗುವಾಗ ಔಷಧಿ ಅಂಗಡಿ ಬೋರ್ಡು, ಡಾಕ್ಟರ ಕಾರು ಎಲ್ಲಾ ಕಡೆ ಈ ಗುರುತು ನೋಡಿ, ಇದು ಆಸ್ಪತ್ರೆ ಗುರುತು ಅಂತ ತಿಳಿದಿದ್ದೆ. ಅದು ತಪ್ಪು. ಅದು ರೆಡ್ ಕ್ರಾಸ್ ಲಾಂಛನ. 1859ರಲ್ಲಿ ಇಟಲಿಯ ಸೋಲ್ಫೆರಿನೋ ಯುದ್ಧದಲ್ಲಿ ಸಾವಿರಾರು ಗಾಯಾಳುಗಳು ಆರೈಕೆಯಿಲ್ಲದೆ ನರಳುವುದನ್ನು ಹೆನ್ರಿ ಡ್ಯೂನಾಂಟ್ ಕಂಡರು. ಅವರ ಪ್ರಯತ್ನದ ಫಲವಾಗಿ 1863ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಹುಟ್ಟಿತು. 1864ರ ಜಿನೀವಾ ಒಪ್ಪಂದದಲ್ಲಿ ದೇಶಗಳು ಈ ಗುರುತನ್ನು ಒಪ್ಪಿಕೊಂಡವು. ರಣರಂಗದಲ್ಲಿ ಇದು ಕಂಡರೆ, ಇಲ್ಲಿ ಗಾಯಾಳುಗಳೂ ಅವರನ್ನು ನೋಡಿಕೊಳ್ಳುವವರೂ ಇದ್ದಾರೆ, ಗುಂಡು ಹಾರಿಸಬೇಡಿ ಎಂದರ್ಥ. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಇದನ್ನು ಯಾರೂ ಬಳಸುವಂತಿಲ್ಲ.

"ಒಳ್ಳೇ ಕೆಲಸಕ್ಕೆ ತಾನೇ ಬರ್ದಿದ್ದು, ಅದ್ರಾಗೇನ್ ತಪ್ಪೈತಲೇ?" ಅಂತ ನನ್ನ ಗೆಳೆಯ ಕೇಳಿದ. ಕಂಡಕಂಡಲ್ಲೆಲ್ಲ ಬರೆದರೆ ಗುರುತಿನ ಬೆಲೆ ಹೋಗುತ್ತೆ. ನಾಳೆ ನಿಜವಾಗಿ ಬೇಕಾದಾಗ ಯಾರೂ ಅದನ್ನು ನಂಬಲ್ಲ. ಲಾಂಛನ ಅಂದ್ರೆ ಸಹಿ ಇದ್ದ ಹಾಗೆ. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿ ನಾವೇ ಹಾಕಿದರೆ ಮೇಷ್ಟ್ರು ಸುಮ್ಮನೆ ಬಿಡ್ತಾರಾ?

ಬೇರೆ ಲಾಂಛನಗಳಿಗೂ ಇದೇ ಮಾತು. ನಂದಿನಿ ಹಾಲಿನ ಬಗ್ಗೆ ಈ ಗೋಡೆ ಪತ್ರಿಕೆಯಲ್ಲಿ ಬರೆದು ಅದರ ಗುರುತು ತೋರಿಸುವುದು ಬೇರೆ, ನಮ್ಮನೆ ಹಾಲಿನ ಕ್ಯಾನಿಗೆ ಆ ಗುರುತು ಹಾಕಿ ಮಾರುವುದು ಬೇರೆ. ಮೊದಲನೆಯದು ಮಾಹಿತಿ, ಎರಡನೆಯದು ಮೋಸ. ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ತೋರಿಸುವಾಗಲೂ ಬಣ್ಣ, ಆಕಾರ ಬದಲಿಸಬಾರದು. ಯಾರ ಗುರುತು ಅಂತ ಹೆಸರು ಬರೆಯಬೇಕು.

ಹಾಗಾದರೆ ನಮ್ಮ ಪೆಟ್ಟಿಗೆಗೆ ಏನು ಬರೆಯೋಣ? ಪ್ರಥಮ ಚಿಕಿತ್ಸೆಗೆ ಅಂತಲೇ ಹಸಿರು ಬಣ್ಣದ ಮೇಲೆ ಬಿಳಿ ಪ್ಲಸ್ ಗುರುತು ಇದೆ. ಅದು ಸಾಕು. ಗುರುಗಳು ಒಪ್ಪಿದರೆ ಶನಿವಾರ ಶಾಲೆ ಬಿಟ್ಟ ಮೇಲೆ ನಾನೇ ಬರೆಯುತ್ತೇನೆ. ಯಾರ ಮನೆಯಲ್ಲಾದರೂ ಹಸಿರು ಬಣ್ಣ ಉಳಿದಿದ್ದರೆ ದಯವಿಟ್ಟು ತನ್ನಿ.