ನೀರಿನ ತೊಟ್ಟಿಯ ಹಿಂದಿನ ಧ್ರುವ

ಮದುವೆಯ ದಿನ ಇರುಳಿಳಿದ ಮೇಲೆ ಪುರೋಹಿತರು ವಧೂವರರನ್ನು ಛತ್ರದ ಅಂಗಳಕ್ಕೆ ಕರೆದೊಯ್ದು, ಉತ್ತರಕ್ಕೆ ಕೈನೀಡಿ, "ಧ್ರುವ ನಕ್ಷತ್ರ ಕಾಣಿಸಿತೇ?" ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. "ಕಾಣಿಸಿತು" ಎಂದು ಇಬ್ಬರೂ ತಲೆಯಾಡಿಸುವುದೂ ಅಷ್ಟೇ ವಾಡಿಕೆ. ನಾನೂ ನನ್ನ ಪತ್ನಿಯೂ ಹಾಗೆ ತಲೆಯಾಡಿಸಿದವರೇ. ನಮಗೆ ಕಂಡದ್ದು ಛತ್ರದ ಅಡುಗೆಮನೆಯ ಹೊಗೆಗೂಡು ಮಾತ್ರ. ಸುಳ್ಳಿನಿಂದ ಮೊದಲಾದ ಸಂಸಾರವೆಂದು ಆಕೆ ಇಂದಿಗೂ ಆಗಾಗ ನೆನಪಿಸುವುದುಂಟು. ಆದರೆ ದೋಷ ನಮ್ಮದಲ್ಲ, ಪುರೋಹಿತರದೂ ಅಲ್ಲ. ನಾವು ವಾಸಿಸುವ ಅಕ್ಷಾಂಶದ್ದು.

ಭೂಮಿಯ ಉತ್ತರಾರ್ಧದಲ್ಲಿ ನಾವು ನಿಂತ ಊರಿನ ಅಕ್ಷಾಂಶವೆಷ್ಟೋ, ಆಕಾಶದ ಉತ್ತರಧ್ರುವವು ಕ್ಷಿತಿಜದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ಲಂಡನ್ ನಗರದವನಿಗೆ ಅದು 51½ ಡಿಗ್ರಿ, ತಲೆಯೆತ್ತಿದರೆ ಕಂಡೀತು. ಬೆಂಗಳೂರಿನವರಾದ ನಮಗೆ ಕೇವಲ 13 ಡಿಗ್ರಿ. 20 ಅಡಿ ಆಚೆಗೆ, ನಮ್ಮ ಕಣ್ಣಿನ ಮಟ್ಟಕ್ಕಿಂತ 5 ಅಡಿ ಮೇಲೆದ್ದ ಗೋಡೆಯೊಂದಿದ್ದರೆ ಧ್ರುವರಾಯನಿಗೆ ಮರೆಯಾಗಲು ಅಷ್ಟೇ ಸಾಕು. ಗೋಡೆಯಿಲ್ಲದಿದ್ದರೆ ತೆಂಗಿನ ಗರಿ. ಅದೂ ಇಲ್ಲದಿದ್ದರೆ ಊರಿನ ಧೂಳು ಮತ್ತು ಬೀದಿದೀಪದ ಮಬ್ಬು. ಎಷ್ಟಾದರೂ ಅದು ಎರಡನೆಯ ದರ್ಜೆಯ ಕಾಂತಿಯ ನಕ್ಷತ್ರವಷ್ಟೆ.

ಈ ಸಂಗತಿ ನನ್ನನ್ನು ನಿಜವಾಗಿ ಕಾಡತೊಡಗಿದ್ದು ಕೆಲಸದಿಂದ ನಿವೃತ್ತನಾಗಿ ಮನೆಯ ತಾರಸಿಯ ಮೇಲೆ ಒಂದು ವೀಕ್ಷಣಾಲಯವನ್ನು ಕಟ್ಟಿಸಿದಾಗ. ಹೆಸರು ದೊಡ್ಡದು, ವಸ್ತು ಎಂಟಡಿಗೆ ಎಂಟಡಿಯ ತಗಡಿನ ಕೊಠಡಿ. ಅದರ ಛಾವಣಿಯನ್ನು ಎರಡು ಹಳಿಗಳ ಮೇಲೆ ಪಕ್ಕಕ್ಕೆ ತಳ್ಳಬಹುದು. ಒಳಗೆ ಇಟ್ಟಿಗೆಯ ಕಂಬ, ಕಂಬದ ಮೇಲೆ 6 ಅಂಗುಲ ಕನ್ನಡಿಯ ದೂರದರ್ಶಕ. ಮನೆಯ ಮೇಲೆ ವೀಕ್ಷಣಾಲಯವೇ ಎಂದು ನಕ್ಕವರಿಗೆ ನಾನು ವಿಶಾಖಪಟ್ಟಣದ ಗೊಡೆ ವೆಂಕಟ ಜಗ್ಗರಾಯರ ಕಥೆ ಹೇಳುವೆನು. ಸುಮಾರು 1840ರಲ್ಲೇ ಆ ಮಹನೀಯರು ತಮ್ಮ ಮನೆಯಲ್ಲಿ ಇಂಥದೊಂದನ್ನು ಸ್ಥಾಪಿಸಿದ್ದರು. ಅವರ ಅಳಿಯ ನರಸಿಂಗರಾಯರು 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯ್ದದ್ದನ್ನು ಅಲ್ಲಿಂದಲೇ ವೀಕ್ಷಿಸಿದರು. ಕಥೆ ಕೇಳಿದ ಮೇಲೂ ನಗುವವರು ನಗುತ್ತಾರೆ, ಅದು ಬೇರೆ ಮಾತು.

ದೂರದರ್ಶಕವನ್ನು ಕಂಬದ ಮೇಲೆ ಕೂರಿಸಿದೊಡನೆ ಕೆಲಸ ಮುಗಿಯಲಿಲ್ಲ. ಭೂಮಿ ತಿರುಗುತ್ತಿರುವುದರಿಂದ ಆಕಾಶವೆಲ್ಲ ಗಂಟೆಗೆ 15 ಡಿಗ್ರಿಯಂತೆ ಪಶ್ಚಿಮಕ್ಕೆ ಜಾರುತ್ತದೆ. ಬರಿಗಣ್ಣಿಗೆ ಇದು ತಿಳಿಯದು. 200 ಪಟ್ಟು ದೊಡ್ಡದು ಮಾಡಿ ನೋಡುವಾಗ, ನನ್ನ ಕೊಳವೆಯಲ್ಲಿ ಕಾಣುವ ಆಕಾಶದ ತುಣುಕು ಹುಣ್ಣಿಮೆಯ ಚಂದ್ರಬಿಂಬದ ಅರ್ಧ ಅಗಲದಷ್ಟು. ನಡುವೆ ನಿಲ್ಲಿಸಿದ ಗ್ರಹ ಅರ್ಧ ನಿಮಿಷದಲ್ಲಿ ಅಂಚು ದಾಟಿ ಹೋಗುತ್ತದೆ. ಆದುದರಿಂದ ಕೊಳವೆಯನ್ನು ಒಂದು ಅಕ್ಷಕ್ಕೆ ಜೋಡಿಸಿ, ಆ ಅಕ್ಷವನ್ನು 23 ಗಂಟೆ 56 ನಿಮಿಷಕ್ಕೊಂದು ಸುತ್ತಿನಂತೆ ಸಣ್ಣ ಮೋಟಾರಿನಿಂದ ತಿರುಗಿಸುವರು. ಆಕಾಶ ಜಾರಿದಷ್ಟೇ ಕೊಳವೆಯೂ ಜಾರುತ್ತದೆ.

ಆದರೆ ಈ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ನಮ್ಮ ಪುರಾಣಕಾರರು ಧ್ರುವನನ್ನು ಕಣದ ಮೇಟಿಗೆ ಹೋಲಿಸಿದ್ದಾರೆ. ಸುತ್ತ ತುಳಿಯುವ ಎತ್ತುಗಳು ನಕ್ಷತ್ರಗಳು. ಮೇಟಿ ಒಂದು ಕಡೆಯಿದ್ದು ಹಗ್ಗವನ್ನು ಇನ್ನೊಂದು ಕಡೆ ನೆಟ್ಟ ಗೂಟಕ್ಕೆ ಬಿಗಿದರೆ ಎತ್ತಿನ ಜಾಡು ಹೇಗಾದೀತು? ನನ್ನ ದೂರದರ್ಶಕದ ಪಾಡು ಮೊದಲ ತಿಂಗಳು ಹಾಗೆಯೇ ಆಯಿತು.

ಅಕ್ಷವನ್ನು ಧ್ರುವ ನಕ್ಷತ್ರದತ್ತ ತಿರುಗಿಸಿದರಾಯಿತೆಂದು ಪುಸ್ತಕಗಳೆಲ್ಲ ಹೇಳುತ್ತವೆ. ಅವನ್ನು ಬರೆದವರು ಬಹುಮಟ್ಟಿಗೆ ಶೀತದೇಶದವರು. ನಮ್ಮ ಉತ್ತರದ ಮನೆಯವರು ಎರಡನೆಯ ಮಹಡಿ ಎಬ್ಬಿಸಿ ಅದರ ನೆತ್ತಿಯ ಮೇಲೆ ಕರಿಯ ನೀರಿನ ತೊಟ್ಟಿಯೊಂದನ್ನು ಇರಿಸಿದ್ದಾರೆ. ಧ್ರುವಪದವಿ ಈಗ ಆ ತೊಟ್ಟಿಗೆ ಸಂದಿದೆ. ಮನೆಯ ಯಜಮಾನರು ಸಜ್ಜನರು. ವಿಷಯ ತಿಳಿದು ನೊಂದುಕೊಂಡು, "ನಮ್ಮ ತಾರಸಿಗೇ ಬಂದು ನೋಡಿ, ಸಾರ್" ಎಂದರು. ಕಂಬವನ್ನು ಹೊತ್ತುಕೊಂಡು ಹೋಗುವುದೆಂತು?

ನಾನು ದಿಕ್ಸೂಚಿಯ ಮೊರೆಹೊಕ್ಕೆ. ಅದರ ಮುಳ್ಳು ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸವಿದೆಯಾದರೂ ನಮ್ಮ ಕಡೆ ಅದು ಚಿಕ್ಕದು. ನಾನು ಮರೆತದ್ದು ಕಾಲ ಕೆಳಗಿನ ಕಾಂಕ್ರೀಟಿನಲ್ಲಿ ಹುದುಗಿದ ಕಬ್ಬಿಣದ ಸಲಾಕೆಗಳನ್ನು. ಮುಳ್ಳು ನೋಡಿ ಗೆರೆ ಎಳೆದು, ಮುಳ್ಳನ್ನು ನಂಬಿ ಅಕ್ಷವನ್ನು ಬಿಗಿದೆ.

ಪರಿಣಾಮವನ್ನು ಅನುಭವಿಸಿದವಳು ನನ್ನ ಪತ್ನಿ. ಆಕೆಗೆ ಮಂಡಿನೋವು, ಇಪ್ಪತ್ತೆರಡು ಮೆಟ್ಟಿಲು ಹತ್ತಲು, ನಡುವೆ ನಿಂತು ಸುಧಾರಿಸಿಕೊಳ್ಳಲು ಐದು ನಿಮಿಷವಾದರೂ ಬೇಕು. ನಾನು ಗುರುಗ್ರಹವನ್ನು ನಡುವೆ ನಿಲ್ಲಿಸಿ ಕೂಗುವುದು, ಆಕೆ ಒಲೆ ಆರಿಸಿ ಮೆಲ್ಲಗೆ ಹತ್ತಿ ಬರುವುದು, ಬಂದು ಕಣ್ಣಿಡುವಾಗ ಗುರು ಅಂಚು ದಾಟಿ ಬರಿಯ ಕತ್ತಲು ಉಳಿಯುವುದು. ನಾನು ಬಗ್ಗಿ ಅವನನ್ನು ಮತ್ತೆ ಹುಡುಕುವಷ್ಟರಲ್ಲಿ ನಿಂತ ಕಾಲಿನ ನೋವು ಹೆಚ್ಚುತ್ತಿತ್ತು. ನಾಲ್ಕನೆಯ ಸಲ ಆಕೆ, "ನಿಮ್ಮ ಗುರುವಿಗೆ ನಾನು ಬೇಡವೆಂದು ತೋರುತ್ತದೆ, ಇನ್ನು ನನ್ನನ್ನು ಕರೆಯಬೇಡಿ" ಎಂದು ಇಳಿದುಹೋದಳು. ಕೋಪದ ಮಾತಾಗಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಅದು ಕೋಪವಾಗಿರಲಿಲ್ಲ.

ಆ ಡಿಸೆಂಬರಿನಲ್ಲಿ ನಾನು ದಿಕ್ಸೂಚಿಯನ್ನು ಪೆಟ್ಟಿಗೆಯಲ್ಲಿಟ್ಟು ಶಂಕುವನ್ನು ಹಿಡಿದೆ. ಸೂರ್ಯಸಿದ್ಧಾಂತದ ಮೂರನೆಯ ಅಧ್ಯಾಯದಲ್ಲಿ ಹೇಳಿರುವ ಕ್ರಮವಿದು. ಸಮಮಟ್ಟದ ನೆಲದ ಮೇಲೆ ಶಂಕುವನ್ನು, ಅಂದರೆ ಒಂದು ಕೋಲನ್ನು, ತೂಗುಗುಂಡು ಬಿಟ್ಟು ನೋಡಿ ನೆಟ್ಟಗೆ ನಿಲ್ಲಿಸಬೇಕು. ಅದರ ಬುಡವನ್ನು ಕೇಂದ್ರವಾಗಿಟ್ಟು ವೃತ್ತ ಎಳೆಯಬೇಕು. ಬೆಳಿಗ್ಗೆ ಉದ್ದವಾಗಿದ್ದ ನೆರಳು ಮೋಟಾಗುತ್ತ ಬಂದು ಅದರ ತುದಿ ವೃತ್ತವನ್ನು ಮುಟ್ಟಿದೆಡೆ ಒಂದು ಚುಕ್ಕೆ. ಮಧ್ಯಾಹ್ನದ ಮೇಲೆ ಮತ್ತೆ ನೀಳವಾಗುತ್ತ ವೃತ್ತದಿಂದ ಹೊರಬೀಳುವೆಡೆ ಇನ್ನೊಂದು. ಚುಕ್ಕೆಗಳನ್ನು ಕೂಡಿಸಿದ ಗೆರೆ ಪೂರ್ವಪಶ್ಚಿಮ. ಅದಕ್ಕೆ ಲಂಬವಾದುದು ದಕ್ಷಿಣೋತ್ತರ. ನಾನು 1 ಅಡಿಯ ಕೋಲು ನಿಲ್ಲಿಸಿ 16 ಅಂಗುಲ ತ್ರಿಜ್ಯದ ವೃತ್ತ ಎಳೆದೆ. ನೆರಳು ಬೆಳಿಗ್ಗೆ ಸುಮಾರು 9-40ಕ್ಕೆ ಒಳಹೊಕ್ಕು ಮಧ್ಯಾಹ್ನ 3ರ ಸುಮಾರಿಗೆ ಹೊರಬಿತ್ತು. ಇದಕ್ಕೆ ಡಿಸೆಂಬರ್ 21ರ ಆಸುಪಾಸು ಒಳ್ಳೆಯ ಕಾಲ. ಆಗ ಸೂರ್ಯ ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಸರಿಯುವುದು ಅತ್ಯಲ್ಪವಾದ್ದರಿಂದ ಎರಡು ಚುಕ್ಕೆಗಳ ನಡುವೆ ಮೋಸವಾಗದು. ಜೂನ್ 21ಕ್ಕೂ ಈ ಗುಣವಿದೆ, ಆದರೆ ಆಗ ನಮಗೆ ಸೂರ್ಯನೇ ದುರ್ಲಭ.

ಹೊಸ ಗೆರೆಯನ್ನೂ ದಿಕ್ಸೂಚಿಯ ಹಳೆಯ ಗೆರೆಯನ್ನೂ ಹೋಲಿಸಿದಾಗ ನಾಚಿಕೆಯಾಯಿತು: ಸುಮಾರು 10 ಡಿಗ್ರಿ ಅಂತರ! ಇಷ್ಟು ತಪ್ಪಿದ್ದರೆ, ಮೋಟಾರು ಓಡುತ್ತಿದ್ದರೂ, ನಡುವೆ ನಿಲ್ಲಿಸಿದ ಗ್ರಹ ಮೂರು ನಿಮಿಷದಲ್ಲಿ ಅಂಚು ಸೇರುತ್ತದೆ. ಮೆಟ್ಟಿಲಿಗೆ ಐದು ನಿಮಿಷ, ಗುರುವಿಗೆ ಮೂರು. ಲೆಕ್ಕ ಅಷ್ಟು ಸರಳವಾಗಿತ್ತು.

ಅಕ್ಷದ ಓರೆ ಇನ್ನೊಂದು ತಾಪತ್ರಯ. 13 ಡಿಗ್ರಿಯೆಂದರೆ ಅಕ್ಷ ಹೆಚ್ಚುಕಡಮೆ ಮಲಗಿದಂತೆಯೇ. ಹೊರದೇಶದ ಪೀಠಗಳು ಇಷ್ಟು ಬಾಗಲು ಒಪ್ಪವು. ಸಮತೂಕದ ಗುಂಡಿನ ಸರಳು ಮುಕ್ಕಾಲಿಯ ಕಾಲಿಗೇ ತಗುಲುತ್ತದೆ. ಮುಕ್ಕಾಲಿಯನ್ನು ಬಿಟ್ಟು ಕಂಬ ಕಟ್ಟಿಸಿದ್ದು ಅದಕ್ಕಾಗಿಯೇ. ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಗೊಂಡ 2.34 ಮೀಟರ್ ಕನ್ನಡಿಯ ಬೃಹತ್ ದೂರದರ್ಶಕದ ಅಕ್ಷವೂ ಸುಮಾರು 12½ ಡಿಗ್ರಿಯಲ್ಲಿ ಒರಗಿದೆಯೆಂದು ನೆನೆದು ಸಮಾಧಾನ ತಂದುಕೊಂಡೆ.

ನೆರಳಿನ ತುದಿ ಕತ್ತರಿಸಿದಂತೆ ಸ್ಪಷ್ಟವಾಗಿರುವುದಿಲ್ಲ; ಸೂರ್ಯಬಿಂಬಕ್ಕೆ ಅರ್ಧ ಡಿಗ್ರಿಯ ಅಗಲವಿರುವುದರಿಂದ ಅದು ಮಸುಕು. ಹೀಗಾಗಿ ಶಂಕು ನಮ್ಮನ್ನು ಬಾಗಿಲವರೆಗೆ ತಂದು ಬಿಡುತ್ತದೆ. ಒಳಗೆ ಕರೆದೊಯ್ಯುವವು ನಕ್ಷತ್ರಗಳೇ. ಧ್ರುವನ ಗೊಡವೆಯೇ ಇಲ್ಲದೆ ಧ್ರುವಸ್ಥಾನವನ್ನು ಕಂಡುಕೊಳ್ಳುವ ಉಪಾಯ ಇದು. ಇದರಲ್ಲಿ ನೋಡಬೇಕಾದದ್ದು ದಕ್ಷಿಣವನ್ನು ಮತ್ತು ಪೂರ್ವವನ್ನು.

ಚಳಿಗಾಲದ ಇರುಳಿನಲ್ಲಿ ಮಹಾವ್ಯಾಧನ ನಡುಕಟ್ಟಿನ ಮೂರು ನಕ್ಷತ್ರಗಳನ್ನು ಅರಿಯದವರಿಲ್ಲ. ಅವುಗಳಲ್ಲಿ ಪಶ್ಚಿಮದ್ದು ಆಕಾಶದ ವಿಷುವದ್ವೃತ್ತದ ಮೇಲೆಯೇ ಇದೆಯೆನ್ನಬಹುದು. ಅದು ದಕ್ಷಿಣೋತ್ತರ ರೇಖೆಗೆ ಬಂದಾಗ, ಅಡ್ಡಗೆರೆಯುಳ್ಳ ಕಣ್ಣುಮಸೂರದಲ್ಲಿ ಅದನ್ನು ಗೆರೆಯ ಮೇಲೆ ಕೂರಿಸಿ ಮೋಟಾರು ಬಿಟ್ಟು ಕಾದೆ. ಪೂರ್ವಪಶ್ಚಿಮವಾಗಿ ಅದು ಸರಿದರೆ ಲೆಕ್ಕಕ್ಕಿಲ್ಲ. ದಕ್ಷಿಣಕ್ಕೆ ಸರಿದರೆ ಅಕ್ಷದ ಉತ್ತರದ ತುದಿ ಪೂರ್ವಕ್ಕೆ ಹೊರಳಿದೆ. ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಮಸೂರದಲ್ಲಿ ದಿಕ್ಕುಗಳು ತಿರುವುಮುರುವಾಗುವುದರಿಂದ ಗಲಿಬಿಲಿಯಾಗುವುದು ಸಹಜ. ಅದಕ್ಕೆ ಮದ್ದು: ಕೊಳವೆಯನ್ನು ತುಸು ಉತ್ತರಕ್ಕೆ ತಳ್ಳಿ, ನಕ್ಷತ್ರ ಯಾವ ಅಂಚಿನತ್ತ ಓಡುವುದೋ ಅದು ದಕ್ಷಿಣ. ಅಕ್ಷ ಒಂದು ಡಿಗ್ರಿ ತಪ್ಪಿದ್ದರೆ ಮೂರು ನಿಮಿಷದಲ್ಲಿ ನಕ್ಷತ್ರವು ಗುರುಬಿಂಬದ ಅಗಲದಷ್ಟು ಸರಿಯುತ್ತದೆ. ತಪ್ಪು ಕಡಮೆಯಾದಂತೆ ಕಾಯುವ ಹೊತ್ತು ಹೆಚ್ಚುತ್ತದೆ. ಸರಿಪಡಿಸುವ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಹತ್ತು ನಿಮಿಷ ಕಣ್ಣಿಟ್ಟು ಕೂರುವುದು. ಎರಡು ಇರುಳುಗಳು ಇದಕ್ಕೇ ಸಂದವು.

ಆಮೇಲೆ ಪೂರ್ವದ ಸರದಿ. ಕ್ಷಿತಿಜದಿಂದ ಸುಮಾರು 20 ಡಿಗ್ರಿ ಮೇಲೆ ಬಂದಿದ್ದ ಮಘಾ ನಕ್ಷತ್ರವನ್ನು ಹಿಡಿದೆ. ಇಲ್ಲಿ ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಸರಿದರೆ ಎತ್ತರವಾಗಿದೆ ಎಂದರ್ಥ. ಅದನ್ನು ತಿದ್ದಿದ ಬಳಿಕ ಮೊದಲನೆಯದು ಕೊಂಚ ಕೆಡುವುದರಿಂದ ಮತ್ತೆ ದಕ್ಷಿಣಕ್ಕೆ ಹೋಗಬೇಕು. ನಾಲ್ಕನೆಯ ಇರುಳು ಮಹಾವ್ಯಾಧನ ನಕ್ಷತ್ರ ಕಾಲು ಗಂಟೆಯ ಕಾಲ ಗೆರೆಯನ್ನು ಬಿಟ್ಟು ಅಲುಗಲಿಲ್ಲ.

ಅಂದಹಾಗೆ ಧ್ರುವ ನಕ್ಷತ್ರವೂ ನಿಜವಾದ ಧ್ರುವಸ್ಥಾನದಲ್ಲಿಲ್ಲ. ಈಗ ಅದು ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ತುಸು ಹೆಚ್ಚು ದೂರದಲ್ಲಿ ನಿಂತು ಸಣ್ಣ ಸುತ್ತೊಂದನ್ನು ಹಾಕುತ್ತದೆ. 2100ರ ಸುಮಾರಿಗೆ ಅತಿ ಸಮೀಪಕ್ಕೆ ಬಂದು ಮತ್ತೆ ದೂರವಾಗುವುದು. ಭೂಮಿಯ ಅಕ್ಷವೇ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಓಲಾಡಿ ಬರುತ್ತದೆ. ತೊಟ್ಟಿ ಅಡ್ಡವಿರದಿದ್ದರೆ ನಾನು ನಕ್ಷತ್ರಕ್ಕೇ ಗುರಿಯಿಟ್ಟು, ಆ ಅರ್ಧ ಡಿಗ್ರಿಯ ಮೇಲಿನ ತಪ್ಪಿನಲ್ಲೇ ತೃಪ್ತನಾಗಿರುತ್ತಿದ್ದೆನೇನೋ.

ಮರುದಿನ ಗುರುವನ್ನು ನಡುವೆ ನಿಲ್ಲಿಸಿ, ಕೂಗದೆ, ನಾನೇ ಕೆಳಗಿಳಿದು ಹೋಗಿ ಆಕೆಯನ್ನು ಕರೆದೆ. "ಹಾಲು ಕಾಯಬೇಕು" ಎಂದಳು. ಕಾಯಲಿ ಎಂದು ಕುಳಿತೆ. ಹಾಲು ಕಾದು, ಹೆಪ್ಪಿಟ್ಟು, ಮೆಟ್ಟಿಲ ನಡುವೆ ಎರಡು ಸಲ ನಿಂತು ನಾವು ಮೇಲೆ ಸೇರುವಾಗ ಮುಕ್ಕಾಲು ಗಂಟೆಯಾಗಿತ್ತು. ಆಕೆ ಸ್ಟೂಲಿನ ಮೇಲೆ ಕುಳಿತು ಕಣ್ಣಿಟ್ಟಳು. ಬಹಳ ಹೊತ್ತು ಮಾತಿಲ್ಲ.

"ಒಂದು ಕಡೆ ಮೂರು ಚುಕ್ಕೆ, ಇನ್ನೊಂದು ಕಡೆ ಒಂದು. ಅವು ಅವನ ಚಂದ್ರರೇ?"

ಹೌದೆಂದೆ. ಆಕೆ ಮತ್ತೆ ನೋಡಿದಳು. ಮಸೂರದಿಂದ ಕಣ್ಣು ತೆಗೆದು, ಗುರುಗುಟ್ಟುತ್ತಿದ್ದ ಮೋಟಾರಿನ ಮೇಲೆ ಕೈಯಿಟ್ಟು, ಕಬ್ಬಿಣದ ಅಕ್ಷ ಎತ್ತ ನೋಡುತ್ತಿದೆಯೆಂದು ಕೇಳಿದಳು. ಧ್ರುವದತ್ತ, ಎಂದೆ. ಅಕ್ಷದ ನೇರಕ್ಕೆ ತಲೆ ತಗ್ಗಿಸಿ ನೋಡಿದಳು. ಉತ್ತರದ ಮನೆಯ ಕರಿಯ ತೊಟ್ಟಿ ನಕ್ಷತ್ರಗಳ ನಡುವೆ ಕುಳಿತಿತ್ತು.

"ಈಗ ಕಾಣಿಸಿತು ಎಂದರೆ ಸುಳ್ಳಾಗುವುದಿಲ್ಲವಷ್ಟೆ?" ಎಂದು ಮತ್ತೆ ಗುರುವಿನ ಕಡೆಗೆ ಬಗ್ಗಿದಳು.