ಶೇಂಗಾ ಮಾಲಿನ ಶುದ್ಧತೆಯೂ ಪರರಾಷ್ಟ್ರಗಳ ಒಪ್ಪಿಗೆಯೂ

ಸವದತ್ತಿ, ರಾಮದುರ್ಗ ತಾಲೂಕುಗಳ ಮಸಾರಿ ಹೊಲಗಳಲ್ಲಿ ಬೆಳೆದ ಶೇಂಗಾವು ಚೀಲ ಸೇರಿ ಪೇಟೆಗೆ ಹೋದ ಬಳಿಕ ತನ್ನ ಊರಿನ ಹೆಸರನ್ನು ಕಳೆದುಕೊಳ್ಳುವದು. ದಲಾಲರ ಅಂಗಡಿಯಲ್ಲಿ ಹತ್ತೂರ ಮಾಲಿನೊಡನೆ ಬೆರೆತು, ಗಿರಣಿಯಲ್ಲಿ ಸಿಪ್ಪೆ ಬಿಡಿಸಿಕೊಂಡು ಹಡಗನ್ನೇರುವಾಗ ಅದು ಕೇವಲ ಭಾರತದ ಶೇಂಗಾ ಆಗಿರುತ್ತದೆ. ಆದುದರಿಂದ ಒಂದು ಕಣದಲ್ಲಿ ನಡೆದ ಅಲಕ್ಷ್ಯದ ಫಲವನ್ನು ಎಲ್ಲ ಒಕ್ಕಲಿಗರೂ ಉಣ್ಣಬೇಕಾಗುವದು. 2015ನೆಯ ಇಸವಿಯಲ್ಲಿ ವಿಯೆಟ್ನಾಂ ದೇಶದವರು ಮಾಲಿನಲ್ಲಿ ಕೀಟ ಕಂಡ ಕಾರಣಕ್ಕೆ ಭಾರತದ ಶೇಂಗಾವನ್ನು ಕೆಲವು ತಿಂಗಳು ಒಳಗೆ ಬಿಡಲಿಲ್ಲ. ಯಾರ ಚೀಲದ ಕೀಟವೆಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಒಂದು ದೇಶದ ಶುದ್ಧತೆಯ ಕ್ರಮವನ್ನು ಇನ್ನೊಂದು ದೇಶವು ತನ್ನದಕ್ಕೆ ಸಮಾನವೆಂದು ಒಪ್ಪುವ ಪದ್ಧತಿಯು ಜಗತ್ತಿನ ವ್ಯಾಪಾರದಲ್ಲಿ ಉಂಟು. 1995ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ನಾಲ್ಕನೆಯ ಕಲಮು ಇದನ್ನೇ ಹೇಳುತ್ತದೆ: ಮಾಲು ಕಳಿಸುವ ದೇಶದ ರೀತಿ ಬೇರೆಯಾಗಿದ್ದರೂ ಕೊಳ್ಳುವ ದೇಶವು ಬಯಸುವಷ್ಟೇ ರಕ್ಷಣೆಯು ಅದರಿಂದ ದೊರೆಯುವದೆಂದು ಸಿದ್ಧಪಡಿಸಿದರೆ ಅದನ್ನು ಒಪ್ಪತಕ್ಕದ್ದು. ಆದರೆ ಸಿದ್ಧಪಡಿಸುವ ಭಾರವು ಮಾರುವವನ ಮೇಲೆಯೇ ಇರುವದು. ಕೇಳಿದರೆ ತಪಾಸಣೆಗೂ ಎಡೆಗೊಡಬೇಕು. ಇದು ಅನ್ಯಾಯವೆಂದು ಕೆಲವರು ಗೊಣಗುವದುಂಟು. ಎತ್ತು ಕೊಳ್ಳುವವನು ಹಲ್ಲು ನೋಡದೆ ಹಣ ಎಣಿಸುವನೇ?

ಶೇಂಗಾದ ಮುಖ್ಯ ತೊಡಕು ಅಫ್ಲಾಟಾಕ್ಸಿನ್ ಎಂಬ ವಿಷ. ಇದು ಒಂದು ಜಾತಿಯ ಬೂಷ್ಟಿನಿಂದ ಹುಟ್ಟುವದು. 1960ರಲ್ಲಿ ಇಂಗ್ಲಂಡದಲ್ಲಿ ಬ್ರಾಝಿಲಿನಿಂದ ಬಂದ ಶೇಂಗಾಹಿಂಡಿಯನ್ನು ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಶಾಸ್ತ್ರಜ್ಞರ ಕಣ್ಣು ಇದರ ಮೇಲೆ ಬಿತ್ತು. ನೇರವಾಗಿ ತಿನ್ನುವ ಕಾಳಿನಲ್ಲಿ ಇದು ನೂರು ಕೋಟಿ ಪಾಲಿಗೆ 4 ಪಾಲನ್ನು ಮೀರಕೂಡದೆಂದು ಯುರೋಪದವರ ಕಟ್ಟು. ಹತ್ತು ಕ್ವಿಂಟಲ್ ಕಾಳಿನಲ್ಲಿ 4 ಮಿಲಿಗ್ರಾಂ, ಅಂದರೆ ಒಂದು ಜೋಳದ ಕಾಳಿನ ತೂಕದ ಏಳೆಂಟರಲ್ಲಿ ಒಂದು ಪಾಲು! ಮುಂದೆ ಸಂಸ್ಕರಿಸತಕ್ಕ ಶೇಂಗಾಕ್ಕೆ ಅಂತರರಾಷ್ಟ್ರೀಯ ಕೊಡೆಕ್ಸ್ ಮಂಡಳಿಯ ಮಿತಿ 15 ಪಾಲು.

ಈ ಕಟ್ಟನ್ನು ಅಮೇರಿಕದವರೂ ಎದುರಿಸಿದರು. ಅವರ ಕೃಷಿ ಇಲಾಖೆಯು ಹಡಗಿಗೆ ಮುಂಚೆಯೇ ನಡೆಸುವ ಶೇಂಗಾ ಪರೀಕ್ಷೆಯನ್ನು ಯುರೋಪವು 2008ರಲ್ಲಿ ಮಾನ್ಯ ಮಾಡಿತು. ಬಂದರಿನ ತಪಾಸಣೆ ಬಹಳ ಕಡಿಮೆಯಾಯಿತು. ಭಾರತದ ಶೇಂಗಾವನ್ನಾದರೋ 2019ರ ಯುರೋಪಿನ ನಿಯಮದಲ್ಲಿ ಪ್ರಮಾಣಪತ್ರವಿದ್ದರೂ ಬಂದರಿನಲ್ಲಿ ಹೆಚ್ಚಾಗಿ ಪರೀಕ್ಷಿಸತಕ್ಕ ಮಾಲುಗಳ ಪಟ್ಟಿಯಲ್ಲಿ ಸೇರಿಸಲಾಯಿತು. ಮಿತಿ ಇಬ್ಬರಿಗೂ ಒಂದೇ, ಭೇದವಿರುವದು ನಂಬಿಕೆಯಲ್ಲಿ. ಅಪೇಡಾ ಸಂಸ್ಥೆಯು ರಫ್ತಿನ ಗಿರಣಿಗಳ ನೋಂದಣಿಯನ್ನೂ ಪ್ರಯೋಗಶಾಲೆಯ ಪರೀಕ್ಷೆಯನ್ನೂ ನಡೆಸುತ್ತಿದೆ, ನಿಜ. ಆದರೆ ಬೂಷ್ಟು ಹುಟ್ಟುವದು ಗಿರಣಿಗಿಂತ ಬಹಳ ಮುಂಚೆ, ಹೊಲದಲ್ಲಿಯೂ ಕಣದಲ್ಲಿಯೂ.

ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಬೂಷ್ಟು ಒಳಹೊಗುವದು. ಮಲಪ್ರಭೆಯ ಕಾಲುವೆಯ ನೀರುಳ್ಳವರು ಆಗ ಒಂದು ನೀರು ಕೊಟ್ಟರೆ ಬಹಳ ಅಪಾಯ ತಪ್ಪುವದು. ಕಿತ್ತ ಬಳ್ಳಿಯನ್ನು ಹಸಿಯಾಗಿಯೇ ಒಟ್ಟದೆ, ಕಾಯಿ ಮೇಲಾಗುವಂತೆ ಮಗುಚಿ ಒಣಗಿಸತಕ್ಕದ್ದು. ಅಲ್ಲಾಡಿಸಿದರೆ ಕಾಳು ಗಲಗಲ ಎನ್ನಬೇಕು. ಗುದ್ದಲಿ ತಗಲಿ ಒಡೆದ ಕಾಯಿ, ಮುರುಟಿದ ಕಾಯಿಗಳನ್ನು ಬೇರೆ ತೆಗೆಯತಕ್ಕದ್ದು. ಎಲ್ಲಕ್ಕೂ ಕೆಟ್ಟದ್ದು, ಸಿಪ್ಪೆ ಬಿಡಿಸುವಾಗ ಕಾಳು ಹೋಳಾಗದಿರಲೆಂದೂ ತೂಕ ಬರಲೆಂದೂ ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿ. ತಿಂಗಳ ಬಿಸಿಲು ಕೊಟ್ಟ ಫಲವನ್ನು ಒಂದು ಕೊಡ ನೀರು ಕೆಡಿಸುವದು. ಊರ ಗೌಡರೂ ಹಿರಿಯರೂ ಕೂಡಿ ಈ ಒಂದು ರೂಢಿಯನ್ನು ನಿಲ್ಲಿಸಿದರೆ ದಿಲ್ಲಿಯಲ್ಲಿ ಬರೆಯುವ ಹತ್ತು ಅರ್ಜಿಗಳಿಗಿಂತ ಹೆಚ್ಚು ಕೆಲಸವಾದೀತು.

ಬೈಲಹೊಂಗಲ, ಕಿತ್ತೂರು ಕಡೆಯ ಸೋಯಾ ಬೆಳೆಯುವವರು ಸಾವಯವ ಪ್ರಮಾಣಪತ್ರದ ಇತಿಹಾಸವನ್ನು ಗಮನಿಸುವದು ಲೇಸು. ಭಾರತದ ಸಾವಯವ ಕ್ರಮವನ್ನು ಯುರೋಪವು 2006ರಲ್ಲಿ ಸಮಾನವೆಂದು ಒಪ್ಪಿತು. ಅದೇ ವರ್ಷ ಅಮೇರಿಕವು ಕೊಟ್ಟ ಮಾನ್ಯತೆಯನ್ನು 2021ರಲ್ಲಿ ಹಿಂತೆಗೆಯಿತು. ತೈವಾನದೊಡನೆ ಪರಸ್ಪರ ಒಪ್ಪಂದ ಜಾರಿಗೆ ಬಂದುದು 2024ರ ಜುಲೈಯಲ್ಲಿ. ಒಮ್ಮೆ ದೊರೆತ ಮಾನ್ಯತೆ ಇನಾಮು ಭೂಮಿಯಂತೆ ವಂಶಪಾರಂಪರ್ಯವಾಗಿ ಬರುವಂಥದಲ್ಲ. ಗುಂಪಿನ ಪ್ರಮಾಣಪತ್ರದಲ್ಲಿ ಒಬ್ಬನು ಗುಟ್ಟಾಗಿ ಔಷಧ ಹೊಡೆದರೆ ಗುಂಪಿಗೇ ಕಳಂಕ. ಯಾವ ದಿನ ಏನು ಬಿತ್ತಿತು, ಏನು ಹಾಕಿತು ಎಂಬ ವಹಿಯನ್ನು ಸುಳ್ಳಿಲ್ಲದೆ ಇಡತಕ್ಕದ್ದು.

ಎಲ್ಲ ಹೊಣೆಯನ್ನೂ ಒಕ್ಕಲಿಗನ ತಲೆಗೆ ಕಟ್ಟುವದು ಸರಿಯಲ್ಲ. ತೇವ ಅಳೆಯುವ ಸಾಧನವೂ ಅಫ್ಲಾಟಾಕ್ಸಿನ್ ಪರೀಕ್ಷೆಯೂ ತಾಲೂಕಿನ ಮಾರುಕಟ್ಟೆಯ ಅಂಗಳದಲ್ಲಿಯೇ ಅಗ್ಗವಾಗಿ ದೊರೆಯಬೇಕು. ಶುದ್ಧ ಮಾಲಿಗೆ ಸವಾಲಿನಲ್ಲಿ ಹೆಚ್ಚು ದರವೂ ಬರಬೇಕು. ಒಣಗಿಸಿದವನಿಗೂ ನೀರು ಚಿಮುಕಿಸಿದವನಿಗೂ ಒಂದೇ ದರ ಸಿಗುವವರೆಗೆ ಉಪದೇಶದಿಂದ ಆಗುವದು ಅಲ್ಪವೇ.

ಪರದೇಶದವರು ತಿರಸ್ಕರಿಸಿದ ಕಾಳು ಸಮುದ್ರದ ಪಾಲಾಗುವದಿಲ್ಲವೆಂಬುದನ್ನೂ ನೆನೆಯಬೇಕು. ಅಂಥ ಕಾಳು ಇಲ್ಲಿಯ ಪೇಟೆಗೇ ಇಳಿಯುವ ಸಂಭವವುಂಟು. ಹುರಿದರೂ ಈ ವಿಷವು ಪೂರ್ತಿ ಹೋಗದು. ಗಾಣದಲ್ಲಿ ಅದು ಬಹುಪಾಲು ಹಿಂಡಿಯಲ್ಲಿ ಉಳಿಯುವದು. ಆ ಹಿಂಡಿಯನ್ನು ತಿಂದ ಎಮ್ಮೆಯ ಹಾಲಿನಲ್ಲಿ ಅದರ ಅಂಶವು ಇಳಿದು ಮನೆಯ ಮಕ್ಕಳ ಬಟ್ಟಲಿಗೆ ಬರುವದು. ಆ ಬಟ್ಟಲನ್ನು ತಪಾಸಿಸಲು ಯಾವ ಬಂದರಿನ ಅಧಿಕಾರಿಯೂ ಇಲ್ಲ.